ನಾಯಿ ಮಾರ್ಕೋ, ಸೌಂಡ್‌ಬಾಕ್ಸೋ, ಮೋಟಾರ್ ಹಲಗೆಯೋ: ಬೆರಕೆ ಗ್ರಾಮಫೋನಿನ ಮೂಲ ಹುಡುಕಲು ಯಾವುದು ವಾಸಿ?

ಕೊಡಗಿನ ಎಸ್ಟೇಟ್ ಬಂಗಲೆಗಳಿಂದ, ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆ) ಅಟ್ಟದಿಂದ ಇಳಿದು ಬರುವ ಕೀ ಕೊಡುವ ಗ್ರಾಮಫೋನುಗಳಲ್ಲಿ ಎಲ್ಲ ಭಾಗವೂ ಒಂದೇ ಕಂಪನಿಯದಾಗಿರುವುದು ಅಪರೂಪ. ಸ್ಪ್ರಿಂಗ್ ತುಂಡಾದಾಗ ಇನ್ನೊಂದರ ಮೋಟಾರ್ ಹಾಕಿರುತ್ತಾರೆ, ಗೆದ್ದಲು ತಿಂದಾಗ ಆಚಾರಿಯಿಂದ ಹೊಸ ಪೆಟ್ಟಿಗೆ ಮಾಡಿಸಿರುತ್ತಾರೆ. ಇಂಥದ್ದನ್ನು ಯಾರು ಮಾಡಿದ್ದು ಎಂದು ತಿಳಿಯಲು ಮೂರು ದಾರಿಗಳಿವೆ. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ತಿರುಗುವ ತಟ್ಟೆಯ ಕೆಳಗೆ ಮೋಟಾರನ್ನು ಬಿಗಿದಿರುವ ಮೋಟಾರ್ ಹಲಗೆಯ ಅಡಿಭಾಗಕ್ಕೆ.

ಮೊದಲು ನಾಯಿ ಮಾರ್ಕು, ಅಂದರೆ ಕಹಳೆಯ ಮುಂದೆ ನಾಯಿ ಕೂತಿರುವ, ಗ್ರಾಮಫೋನ್ ಕಂಪನಿಯ ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್) ಗುರುತು. ನೋಡುವುದು ಸುಲಭ, ನಂಬುವುದು ಕಷ್ಟ. ಈ ಸ್ಟಿಕ್ಕರುಗಳು ಈಗಲೂ ಹೊಸದಾಗಿ ಸಿಗುತ್ತವೆ. ಎಂಟು ಮೂಲೆಯ ಪೆಟ್ಟಿಗೆಯ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಕಹಳೆ ಇದ್ದರೆ ಅದು ಬಹುಪಾಲು ಹಳೇ ಪೋರ್ಟಬಲ್ (ಕೈಪೆಟ್ಟಿಗೆಯಂಥ ಗ್ರಾಮಫೋನ್) ಒಂದರ ಮೋಟಾರ್ ಹಾಕಿ ಇತ್ತೀಚೆಗೆ ಜೋಡಿಸಿದ್ದು. ಮಾರ್ಕಿನಿಂದ ಕಾಲದ ಗಡಿ ಮಾತ್ರ ಸಿಗುತ್ತದೆ. 'ಗ್ರಾಮಫೋನ್ ಅಂಡ್ ಟೈಪ್‌ರೈಟರ್' ಎಂಬ ಹೆಸರು ಆ ಕಂಪನಿಗಿದ್ದದ್ದು 1900ರ ಕೊನೆಯಿಂದ 1907ರವರೆಗೆ. ಇಎಂಐ (ಎಲೆಕ್ಟ್ರಿಕ್ ಅಂಡ್ ಮ್ಯೂಸಿಕಲ್ ಇಂಡಸ್ಟ್ರೀಸ್) ಕಂಪನಿ ಹುಟ್ಟಿದ್ದೇ 1931ರಲ್ಲಿ, ಗ್ರಾಮಫೋನ್ ಕಂಪನಿ ಮತ್ತು ಕೊಲಂಬಿಯಾ ಒಂದಾದಾಗ.

ಸೌಂಡ್‌ಬಾಕ್ಸ್ ಇದಕ್ಕಿಂತ ವಾಸಿ. ಇದು ಸೂಜಿ ಹಿಡಿದು ಅದರ ಕಂಪನವನ್ನು ತೆಳು ಪರದೆಯಿಂದ ಸದ್ದಾಗಿಸುವ ದುಂಡು ಭಾಗ. ಎಚ್‌ಎಂವಿ 101 ಪೋರ್ಟಬಲ್ (1925–31) ಜೊತೆ ಬರುತ್ತಿದ್ದುದು ಅಭ್ರಕದ ಪರದೆಯ 4ನೇ ನಂಬರು. 1931ರಿಂದ ಬಂದ 102ರಲ್ಲಿ ಹೆಚ್ಚಾಗಿ ಕಾಣುವುದು ಅಲ್ಯೂಮಿನಿಯಂ ಪರದೆಯ 5ಎ ಅಥವಾ 5ಬಿ. 102ರ ಮೇಲೆ 4ನೇ ನಂಬರು ಕೂತಿದ್ದರೆ ಯಾರೋ ಬದಲಿಸಿದ್ದಾರೆ. ಆದರೆ ಇದು ಟೋನ್ ಆರ್ಮಿನ (ಸೌಂಡ್‌ಬಾಕ್ಸ್ ಹಿಡಿಯುವ ಟೊಳ್ಳು ತೋಳು) ತುದಿಗೆ ರಬ್ಬರ್ ಬಳೆಯೊಂದಿಗೆ ತಳ್ಳಿ ಕೂರಿಸುವ ಸಾಮಾನು, ಅರ್ಧ ನಿಮಿಷದಲ್ಲಿ ಬದಲಾಗುತ್ತದೆ. ಟೋನ್ ಆರ್ಮಿನ ಕುತ್ತಿಗೆಗೆ ಟೇಪು ಸುತ್ತಿದ್ದರೆ ಅಳತೆ ಹೊಂದದ ಬೇರೆ ಸೌಂಡ್‌ಬಾಕ್ಸ್ ಎಂದು ಅಲ್ಲಿಗೇ ಗೊತ್ತಾಯಿತು. ಬಿಗಿಯಾಗಿದ್ದರೆ ಎಳೆದಾಡಬೇಡಿ. 5ಎ ಸೌಂಡ್‌ಬಾಕ್ಸಿನ ಎರಕದ ಲೋಹ ವಯಸ್ಸಾದಂತೆ ಪೆಡಸಾಗಿ ಬಿರಿಯುತ್ತದೆ. ಹೇರ್ ಡ್ರೈಯರಿನ ಬಿಸಿ ಗಾಳಿಗೆ ರಬ್ಬರ್ ಸ್ವಲ್ಪ ಮೆತ್ತಗಾದ ಮೇಲೆ ನಿಧಾನವಾಗಿ ತಿರುಗಿಸಿ ತೆಗೆಯಿರಿ.

ಇನ್ನು ಮೋಟಾರ್ ಹಲಗೆ. ತಿರುಗುವ ತಟ್ಟೆ ತಾನಾಗಿ ನಿಲ್ಲುವವರೆಗೆ ಬ್ರೇಕ್ ಬಿಟ್ಟು ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ. ಕೀ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಬಿಚ್ಚಿ. ತಟ್ಟೆಯನ್ನು ಎರಡೂ ಕೈಯಿಂದ ನೇರ ಮೇಲಕ್ಕೆತ್ತಿ. ಬರದಿದ್ದರೆ ತಟ್ಟೆಯನ್ನು ಒಬ್ಬರು ಎತ್ತಿ ಹಿಡಿದು, ಇನ್ನೊಬ್ಬರು ನಡುವಿನ ಕಡ್ಡಿಯ ತಲೆಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಬೇಕು. ನಮ್ಮ ಮಳೆಗೆ ಹಲಗೆಯ ಸ್ಕ್ರೂಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಸ್ಪ್ರಿಂಗ್ ಇರುವ ಡ್ರಮ್ಮಿನ ಮುಚ್ಚಳ ಮಾತ್ರ ಮುಟ್ಟಬೇಡಿ. ಸಡಿಲವಾದಂತೆ ಕಂಡರೂ ಒಳಗಿನ ಸ್ಪ್ರಿಂಗ್ ಹಾರಿ ಕೈ ಸೀಳುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದಲೇ. ಮೋಟಾರಿನ ಮೇಲೆ ಗ್ಯಾರಾರ್ಡ್ ಎಂದಿದ್ದ ಮಾತ್ರಕ್ಕೆ ಗ್ರಾಮಫೋನ್ ಗ್ಯಾರಾರ್ಡ್‌ನದಲ್ಲ. ಇಂಗ್ಲೆಂಡಿನ ಗ್ಯಾರಾರ್ಡ್, ಕೊಲಾರೋ, ಸ್ವಿಟ್ಜರ್ಲೆಂಡಿನ ಸೇಂಟ್ ಕ್ರೋವಾದ ಥೋರೆನ್ಸ್, ಪಯಾರ್ ಇವರೆಲ್ಲ ಬೇರೆ ಕಂಪನಿಗಳಿಗೂ ಮೋಟಾರ್ ಮಾರುತ್ತಿದ್ದರು. ಹೆಸರು ಉಜ್ಜಿಹೋಗಿದ್ದರೆ ಸ್ಕ್ರೂ ಅಳತೆ ನೋಡಬಹುದು: ಬ್ರಿಟಿಷ್ ಮೋಟಾರಿನಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್ ಅಳತೆ) ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಸ್ವಿಸ್‌ನಲ್ಲಿ ಮಿಲಿಮೀಟರ್ ಮರೆ. ಆದರೆ ದೊಡ್ಡ ಸ್ಕ್ರೂ ನಂಬಬೇಡಿ. 0 ಬಿಎ ಕೂಡ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ಎರಡು ಗೆರೆಗಳ ನಡುವಿನ ದೂರ), ಮಿಲಿಮೀಟರ್ ಅಳತೆಯ ಎಂ6 ಕೂಡ ಅಷ್ಟೇ. ಸಣ್ಣ ಸ್ಕ್ರೂಗೆ ವರ್ನಿಯರ್ (ದಪ್ಪ ಅಳೆಯುವ ಕ್ಯಾಲಿಪರ್) ಹಿಡಿಯಿರಿ: 2 ಬಿಎ 4.7 ಮಿ.ಮೀ., 4 ಬಿಎ 3.6 ಮಿ.ಮೀ. 5 ಅಥವಾ 4 ಬಂದರೆ ಮಿಲಿಮೀಟರಿನದು.

ಯಂತ್ರದ ಮೂಲ ಹೇಳುವುದು ಹಲಗೆಯ ತೂತುಗಳು. ಮೋಟಾರಿನ ಕಾಲು ದಶಕಗಟ್ಟಲೆ ಕೂತ ಜಾಗದಲ್ಲಿ ಮರ ತಿಳಿಯಾಗಿ, ಅಂಚಿನಲ್ಲಿ ಗ್ರೀಸಿನ ಕಪ್ಪು ಗೆರೆ ಉಳಿದಿರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಆ ಅಚ್ಚು ಎದ್ದು ಕಾಣುತ್ತದೆ. ಈಗಿನ ಮೋಟಾರಿನ ಕಾಲಿಗೂ ಅಚ್ಚಿಗೂ ಹೊಂದಿಕೆಯಿದ್ದು, ಬೇರೆ ತೂತಿಲ್ಲದಿದ್ದರೆ ಮೋಟಾರ್ ಮೂಲದ್ದೇ ಎನ್ನಬಹುದು. ಬೆಣೆ ಬಡಿದ ತೂತು, ಉಳಿಯಿಂದ ಅಗಲಿಸಿದ ಮಧ್ಯದ ಕಂಡಿ, ಕೀ ಹಿಡಿಯ ಪಕ್ಕದಲ್ಲೇ ಮುಚ್ಚಿದ ಇನ್ನೊಂದು ತೂತು ಕಂಡರೆ ಮೋಟಾರ್ ಆಮೇಲೆ ಬಂದದ್ದು. ಹಳೇ ತೂತುಗಳ ನಡುವಿನ ದೂರ ಅಳೆದಿಟ್ಟುಕೊಂಡರೆ ಮೊದಲು ಕೂತಿದ್ದ ಮೋಟಾರ್ ಯಾವುದೆಂದು ಹೋಲಿಸಿ ನೋಡಬಹುದು.

ಮರದ ವಿಷಯದಲ್ಲಿ ನಮ್ಮೂರಿಗೇ ವಿಶೇಷವಾದ ಒಂದು ಮೋಸವಿದೆ. ಕಾಫಿ ತೋಟದ ನೆರಳಿನ ಸಿಲ್ವರ್ ಓಕ್ ಹಲಗೆಯಲ್ಲೂ ಇಂಗ್ಲಿಷ್ ಓಕ್‌ನಂತೆ ಮಿನುಗುವ ಚಕ್ಕೆ ಗುರುತುಗಳಿರುತ್ತವೆ. ಪಾಲಿಶ್ ಹಚ್ಚಿದರೆ ಯಾರಾದರೂ ಮೋಸಹೋಗುವಷ್ಟು ಹೋಲಿಕೆ. ಅಡ್ಡ ಕೊಯ್ದ ತುದಿ ನೋಡಿ: ನಿಜವಾದ ಓಕ್‌ನಲ್ಲಿ ವರ್ಷದ ಉಂಗುರದ ಉದ್ದಕ್ಕೂ ದೊಡ್ಡ ರಂಧ್ರಗಳ ಸಾಲಿರುತ್ತದೆ, ಸಿಲ್ವರ್ ಓಕ್‌ನಲ್ಲಿ ಅದಿಲ್ಲ, ತೂಕವೂ ಕಡಿಮೆ. ಹಲಸಿನ ಪೆಟ್ಟಿಗೆಯಾದರೆ ಆಚಾರಿ ಕೆಲಸವೇ.

ಒಂದು ಟಾರ್ಚು, ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಎರಡು ಸ್ಕ್ರೂಡ್ರೈವರ್, ಒಂದು ವರ್ನಿಯರ್ ಇದ್ದರೆ ಈ ಪರೀಕ್ಷೆಗೆ ಬೇರೇನೂ ಬೇಡ. ಹಲಗೆ ಎತ್ತಲು ಬಿಡದ ಅಂಗಡಿಯಲ್ಲಿ, ನಾಯಿ ಎಷ್ಟೇ ಚೆನ್ನಾಗಿ ಕೂತಿದ್ದರೂ, ನಾನು ಬಿಡಿಭಾಗದ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ.

ಬೆರಕೆ ಎಂದು ಗೊತ್ತಾದ ಯಂತ್ರಕ್ಕೆ ಒಂದೇ ಹೆಸರು ಹಚ್ಚಬೇಡಿ. ಪೆಟ್ಟಿಗೆ, ಮೋಟಾರ್, ಸೌಂಡ್‌ಬಾಕ್ಸ್, ಟೋನ್ ಆರ್ಮ್ ಯಾರ್‍ಯಾರದು ಎಂದು ಬೇರೆ ಬೇರೆಯಾಗಿ ಒಂದು ರಟ್ಟಿನ ಮೇಲೆ ಬರೆದು, ದಾರದಿಂದ ಕಟ್ಟಿ ಒಳಗಿಡಿ. ಬರೆಯುವುದು ಪೆನ್ಸಿಲಿನಲ್ಲೇ ಇರಲಿ; ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಗೆ ಇಂಕು ಹರಡುತ್ತದೆ, ಗೋಂದು ಬಿಟ್ಟುಕೊಳ್ಳುತ್ತದೆ.