ರಸವಿಲ್ಲದ ಕಿತ್ತಳೆ: ಕ್ವಾಂತ್ರೋ ಲಿಕ್ಯೂರ್

ಹೈದರಾಬಾದ್ ವಿಮಾನ ನಿಲ್ದಾಣದ ಸುಂಕರಹಿತ ಮಳಿಗೆಯಿಂದ ಭಾವಮೈದುನ ಕಲಬುರಗಿಗೆ ತಂದುಕೊಟ್ಟ ಕ್ವಾಂತ್ರೋ ಎಂಬ ಕಿತ್ತಳೆ ಲಿಕ್ಯೂರಿನ (ಪರಿಮಳ ಬೆರೆತ ಸಿಹಿ ಮದ್ಯದ) ಬಾಟಲಿ ಅರ್ಧವಾಗಲು ಒಂದು ಇಡೀ ಬೇಸಿಗೆ ಹಿಡಿಯಿತು. ಚೌಕಾಕಾರದ ಕಂದು ಗಾಜನ್ನು ಕಂಡು ಒಳಗಿರುವುದೂ ಅದೇ ಬಣ್ಣದ್ದೆಂದುಕೊಂಡಿದ್ದೆ. ಲೋಟಕ್ಕೆ ಬಗ್ಗಿಸಿದರೆ ನೀರಿನಷ್ಟು ತಿಳಿ. ಹಣ್ಣಿನ ರಸ ಇದರಲ್ಲಿಲ್ಲ. ಸೂಪರ್ ಮಾರ್ಕೆಟ್ಟಿನಿಂದ ನಾಗಪುರದ ಕಿತ್ತಳೆ ತಂದು, ತೊಳೆ ತಿಂದು, ನಾವು ಬಿಸಾಡುವ ಸಿಪ್ಪೆಯಂಥದ್ದೇ ಇದರ ಬಂಡವಾಳ.

ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಕ್ವಾಂತ್ರೋ ಸೋದರರು 1849ರಲ್ಲಿ ತೆರೆದ ಭಟ್ಟಿಯಲ್ಲಿ ಮುಂದಿನ ತಲೆಮಾರಿನ ಎದುವಾರ್ ಕ್ವಾಂತ್ರೋ 1875ರಲ್ಲಿ ಈ ಪಾಕವನ್ನು ರೂಪಿಸಿದರು. ಸಿಹಿ ಮತ್ತು ಕಹಿ ಕಿತ್ತಳೆಗಳ ಸಿಪ್ಪೆಯನ್ನು ತನ್ನದೇ ವಾಸನೆಯಿಲ್ಲದ ಮದ್ಯಸಾರದಲ್ಲಿ ನೆನೆಯಿಟ್ಟು, ಸಿಪ್ಪೆಯ ಎಣ್ಣೆ ಅದರಲ್ಲಿ ಬಿಟ್ಟುಕೊಂಡ ಮೇಲೆ ತಾಮ್ರದ ಪಾತ್ರೆಗಳಲ್ಲಿ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿಯುವುದನ್ನೂ ಕೊನೆಗೆ ಇಳಿಯುವುದನ್ನೂ ಬೇರ್ಪಡಿಸಿ, ನಡುವಿನ ಪರಿಮಳದ ಪಾಲನ್ನಷ್ಟೇ ಉಳಿಸಿಕೊಂಡು, ಸಕ್ಕರೆ, ನೀರು, ಮದ್ಯಸಾರ ಸೇರಿಸಿ ಶೇ. 40ರ ತೀಕ್ಷ್ಣತೆಗೆ ತರುತ್ತಾರೆ. ಆವಿಯೊಡನೆ ಪರಿಮಳ ಏರುತ್ತದೆ, ಬಣ್ಣ ಏರುವುದಿಲ್ಲ.

ಕಹಿ ಸಿಪ್ಪೆಗೆ ಈ ಮರ್ಯಾದೆ ಬಂದ ಬಗೆ ನಮ್ಮಂಥ ಒಣಸೀಮೆಯವರಿಗೆ ರುಚಿಸುವಂಥದ್ದು. ಸ್ಪೇನಿನವರು 16ನೆಯ ಶತಮಾನದಲ್ಲಿ ಕೆರಿಬಿಯನ್‌ನ ಕುರಸಾವ್ ದ್ವೀಪದಲ್ಲಿ ನೆಟ್ಟ ಕಿತ್ತಳೆ ಅಲ್ಲಿನ ಒಣ ನೆಲ, ಸುಡುಬಿಸಿಲಿಗೆ ಸಿಕ್ಕಿ ಬಾಯಿಗಿಡಲಾಗದಷ್ಟು ಕಹಿಯಾಯಿತಂತೆ. ಆದರೆ ಅದರ ಸಿಪ್ಪೆಯ ಎಣ್ಣೆ ಘಮಘಮಿಸುತ್ತಿತ್ತು. ಲಾರಾಹಾ ಎಂದು ಹೆಸರಾದ ಆ ಹಣ್ಣಿನ ಸಿಪ್ಪೆಯಿಂದಲೇ ಕುರಸಾವ್ ಲಿಕ್ಯೂರ್ ಬಂದಿತು. ಅದರ ಪ್ರಸಿದ್ಧ ನೀಲಿ ಬರೀ ಬೆರೆಸಿದ ಬಣ್ಣ. (ಇಲ್ಲಿನ ಹೋಟೆಲೊಂದರಲ್ಲಿ ಅದೇ ಹೆಸರಿನಲ್ಲಿ ನನಗೆ ಕೊಟ್ಟದ್ದು ಸಕ್ಕರೆ ಪಾನಕ.)

ಇನ್ನು ರುಚಿ. ಬಿರಡೆ ತೆಗೆದೊಡನೆ ಉಗುರಿನಿಂದ ಸಿಪ್ಪೆ ಚಿವುಟಿದಾಗ ಚಿಮ್ಮುವ ವಾಸನೆಯೇ ಮೂಗಿಗೆ ಬಡಿಯುತ್ತದೆ. ಮೊದಲು ಸಿಹಿ, ಹಿಂದೆಯೇ ಹೇರಳೆಕಾಯಿಯನ್ನು ನೆನಪಿಸುವ ಕಹಿ. ಹಾಗೆಯೇ ಕುಡಿಯಲು ಸಕ್ಕರೆ ನನಗೆ ಹೆಚ್ಚೆನಿಸಿತು, ಮೇಲಾಗಿ ಆ ಸಿಹಿ ವಿಸ್ಕಿಗೆ ಸಮನಾದ ತೀಕ್ಷ್ಣತೆಯನ್ನು ಮರೆಮಾಚುತ್ತದೆ. ಕೊನ್ಯಾಕ್ (ಫ್ರೆಂಚ್ ದ್ರಾಕ್ಷಿ ಬ್ರಾಂದಿ) ಬೆರೆತ ಇನ್ನೊಂದು ಕಿತ್ತಳೆ ಲಿಕ್ಯೂರ್ ಗ್ರ್ಯಾಂಡ್ ಮಾರ್ನಿಯೇಗಿಂತ ಇದರಲ್ಲಿ ಸಿಪ್ಪೆಯ ಗುಣ ನಿಚ್ಚಳವಾಗಿರುವುದರಿಂದ ನನ್ನ ಒಲವು ಇದರ ಕಡೆಗೇ. ಮೇ ತಿಂಗಳ ಸಂಜೆಗೆ ಎರಡು ಚಮಚ ಲಿಕ್ಯೂರಿಗೆ ನಿಂಬೆರಸ, ಸೋಡಾ, ಧಾರಾಳವಾಗಿ ಮಂಜುಗಡ್ಡೆ ಹಾಕಿದಾಗ ಹದ ಸಿಕ್ಕಿತು. ಮಂಜುಗಡ್ಡೆ ಬಿದ್ದೊಡನೆ ದ್ರವ ಹಾಲುಬಿಳುಪಿಗೆ ತಿರುಗಿದರೆ ಕೆಟ್ಟಿದೆಯೆಂದು ಚೆಲ್ಲಬೇಡಿ. ಮದ್ಯಸಾರದಲ್ಲಿ ಕರಗಿದ್ದ ಸಿಪ್ಪೆಯೆಣ್ಣೆ ನೀರು ಹೆಚ್ಚಾದಾಗ ಬೇರ್ಪಟ್ಟು ಹಾಗೆ ಕಾಣುತ್ತದೆ. ತೆರೆದ ಬಾಟಲಿಗೆ ಫ್ರಿಜ್ ಬೇಕಿಲ್ಲ, ಆದರೆ ಪ್ರತಿ ಸಲ ಅದರ ಬಾಯಿ ಒರೆಸಿ ಮುಚ್ಚಿ. ನಾನು ಒರೆಸದೆ ಬಿಟ್ಟು, ಸಕ್ಕರೆ ಗಟ್ಟಿಯಾಗಿ ಬಿರಡೆ ಕಚ್ಚಿಕೊಂಡು, ಬಿಸಿನೀರಿನ ಬಟ್ಟೆ ಸುತ್ತಿ ತೆಗೆಯಬೇಕಾಯಿತು.