ಕಪ್ಪು ಉಡುವವರಿಗೆ ಬೆಂಗಳೂರು ಪೇಟೆ: ಯಾವುದನ್ನು ಎಲ್ಲಿ ಕೊಳ್ಳಬೇಕು

ಗಾಥ್, ಮೆಟಲ್, ಪಂಕ್ ಎಂದು ರಾಕ್ ಸಂಗೀತದ ಪಂಗಡಗಳ ಹೆಸರಿಟ್ಟು ಆನ್‌ಲೈನಿನಲ್ಲಿ ಮಾರುವ ಕಪ್ಪು ಉಡುಪುಗಳಲ್ಲಿ ಹೆಚ್ಚಿನವು ಕೊಟ್ಟ ದುಡ್ಡಿಗೆ ಬಾಳುವುದಿಲ್ಲ. ತೆಳು ಪಾಲಿಯೆಸ್ಟರ್, ಪ್ಲಾಸ್ಟಿಕ್ ಕಡ್ಡಿಯ ಕಾರ್ಸೆಟ್ (ಸೊಂಟ ಬಿಗಿಯುವ ಉಡುಪು), ಮೇಲೆ ಬೆಳ್ಳಿ ಹೊಳಪು ಕೊಟ್ಟ ಕಬ್ಬಿಣದ ಬಕಲ್, ಅಷ್ಟೇ. ಅದೇ ಹಣವನ್ನು ಬೆಂಗಳೂರಿನ ಸರ್ಪ್ಲಸ್ ಅಂಗಡಿ, ಚಿಕ್ಕಪೇಟೆಯ ಥಾನು, ಒಬ್ಬ ಒಳ್ಳೆಯ ಟೈಲರ್ ಈ ಮೂರು ಕಡೆ ಹಂಚಿದರೆ ಉಡುಪು ನಿಮ್ಮ ಮೈಗೆ ಕೂರುತ್ತದೆ, ಬೇರೆಯವರ ಮೈಮೇಲೆ ಕಾಣಸಿಗುವುದೂ ಇಲ್ಲ.

ಮೊದಲು ಸರ್ಪ್ಲಸ್. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಊರು ಇದು. ಹೊರದೇಶದ ಖರೀದಿದಾರರಿಗೆ ಹೋಗಿ ಉಳಿದ ಮಾಲು, ತಿರಸ್ಕರಿಸಿದ ಮಾಲು ಕಮರ್ಷಿಯಲ್ ಸ್ಟ್ರೀಟ್ ಮತ್ತು ಬ್ರಿಗೇಡ್ ರಸ್ತೆಯ ಸುತ್ತಿನ ಅಂಗಡಿಗಳಿಗೆ ಲೇಬಲ್ ಕತ್ತರಿಸಿಕೊಂಡು ಬರುತ್ತದೆ. ಕಪ್ಪು ಜೀನ್ಸ್, ಕಾರ್ಗೋ ಪ್ಯಾಂಟ್, ಬರಿಯ ಟೀ ಶರ್ಟ್, ಉದ್ದನೆ ಶರ್ಟಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಂಡಸರದೋ ಹೆಂಗಸರದೋ ಎಂದು ನೋಡದೆ ಎರಡೂ ರಾಶಿ ಹುಡುಕಿ. ಆದರೆ ತಿರಸ್ಕರಿಸಿದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಅದನ್ನು ಅಂಗಡಿಯಲ್ಲೇ ಕಂಡುಹಿಡಿಯಬೇಕು. ತೋಳಿನ ಕಪ್ಪನ್ನು ಎದೆಯ ಕಪ್ಪಿನ ಪಕ್ಕ ಇಟ್ಟು ನೋಡಿ. ಬೇರೆ ಬೇರೆ ಥಾನಿನಿಂದ ಕತ್ತರಿಸಿದ್ದರೆ ಒಂದು ಕೆಂಪು ಹೊಡೆಯುತ್ತದೆ, ಇನ್ನೊಂದು ಹಸಿರು. ಟ್ಯೂಬ್‌ಲೈಟಿನಲ್ಲಿ ಇದು ಕಾಣದು, ಬಾಗಿಲ ಬಿಸಿಲಿಗೆ ಒಯ್ಯಿರಿ. ಟೀ ಶರ್ಟನ್ನು ಮೇಜಿನ ಮೇಲೆ ಹರಡಿ: ಪಕ್ಕದ ಹೊಲಿಗೆ ಕೆಳಗೆ ಬರುತ್ತಾ ಮುಂದಕ್ಕೆ ತಿರುಚಿದ್ದರೆ ಬಿಟ್ಟುಬಿಡಿ, ಒಗೆದ ಮೇಲೆ ಇನ್ನಷ್ಟು ತಿರುಚುತ್ತದೆ.

ಅಳತೆಗೆ ಒಂದೇ ನಿಯಮ, ಭುಜ ಸರಿ ಇರಬೇಕು. ಸೊಂಟ, ಉದ್ದ, ತೋಳಿನ ಸುತ್ತಳತೆಯನ್ನು ಯಾವ ಟೈಲರಾದರೂ ಸರಿಮಾಡಿಯಾರು. ಭುಜ ಮುಟ್ಟಿದರೆ ತೋಳು ಬಿಚ್ಚಬೇಕು, ಕೂಲಿ ಅಂಗಿಯ ಬೆಲೆ ಮೀರುತ್ತದೆ. ಓವರ್‌ಲಾಕ್ ಮಾಡಿದ, ಎಂದರೆ ಅಂಚನ್ನು ಕತ್ತರಿಸಿ ದಾರ ಸುತ್ತಿದ, ಕಾರ್ಖಾನೆ ಹೊಲಿಗೆಯ ಒಳಗೆ ಉಳಿಯುವ ಬಟ್ಟೆ ಸುಮಾರು 1 ಸೆಂಟಿಮೀಟರ್. ಆದ್ದರಿಂದ ಅಂಗಿಯನ್ನು ಹಿಡಿಸಬಹುದು, ಬಿಡಿಸಲಾಗದು. ಎರಡು ಸೈಜಿನ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಕೊಳ್ಳಿ. ಟ್ರಯಲ್ ರೂಮ್ ಇಲ್ಲದ ಅಂಗಡಿಗಳೂ ಇವೆ, ಟೇಪು ಜೊತೆಗಿರಲಿ.

ಬಣ್ಣ ಪರೀಕ್ಷಿಸಲು ಬಿಳಿ ಕರವಸ್ತ್ರ ಒದ್ದೆ ಮಾಡಿ ಒಳಮಡಿಕೆಯ ಮೇಲೆ ಹತ್ತು ಸಲ ಉಜ್ಜಿ. ತುಸು ಬೂದು ಬಂದರೆ ಚಿಂತೆಯಿಲ್ಲ, ಮಸಿಯಂತೆ ಅಂಟಿದರೆ ಬೇಡ. ಅಗ್ಗದ ಕಪ್ಪು ಹತ್ತಿಗೆ ಹೆಚ್ಚಾಗಿ ಹಾಕುವುದು ಸಲ್ಫರ್ ಬ್ಲ್ಯಾಕ್ ಎಂಬ ಗಂಧಕದ ಬಣ್ಣ. ಸೆಖೆಯಲ್ಲಿ, ತೇವದಲ್ಲಿ ಮಡಚಿಟ್ಟಲ್ಲೇ ಅದರಿಂದ ಆಮ್ಲ ಹುಟ್ಟಿ ನೂಲು ಜೀರ್ಣವಾಗುತ್ತದೆ. ಅಂಥದ್ದನ್ನು ವರ್ಷಗಟ್ಟಲೆ ಬೀರುವಿನಲ್ಲಿ ಕಾಯಿಸದೆ ಉಟ್ಟು ಒಗೆಯುತ್ತಿರಿ, ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ.

ಕೃತಕ ಚರ್ಮದ ಪಿಯು ಜಾಕೆಟ್ಟನ್ನು ನಾವು ಯಾರಿಗೂ ಹೇಳುವುದಿಲ್ಲ. ಗಾಳಿಯ ತೇವಕ್ಕೇ ಅದರ ಮೇಲ್ಪದರ ಒಡೆದು ಹಕ್ಕಳೆ ಏಳುತ್ತದೆ, ಉಡದೆ ತೂಗುಹಾಕಿದ್ದರೂ ಸರಿ. ಮಂಗಳೂರು, ಕಾರವಾರದ ಕಡೆಯವರು ಆ ಆಸೆಯನ್ನೇ ಬಿಡಬೇಕು. ದಪ್ಪ ಕಪ್ಪು ಡ್ರಿಲ್ ಅಥವಾ ಡೆನಿಮ್ ಅದೇ ಗತ್ತನ್ನು ಕೊಡುತ್ತದೆ, ಹಳತಾದಷ್ಟೂ ಚೆನ್ನಾಗಿ ಕಾಣುತ್ತದೆ.

ಸಿದ್ಧ ಉಡುಪಿನಲ್ಲಿ ಸಿಗದ ಕೋಟು, ಸ್ಕರ್ಟು, ವೇಸ್ಟ್‌ಕೋಟಿಗೆ ಚಿಕ್ಕಪೇಟೆ. ಹಸಿರು ಮಾರ್ಗದ ಮೆಟ್ರೋ ಅಲ್ಲೇ ಇಳಿಸುತ್ತದೆ. ಜಿಪ್, ಗುಂಡಿ, ಲೇಸ್, ಲೈನಿಂಗ್ ಎಲ್ಲಕ್ಕೂ ಪಕ್ಕದ ನಗರ್ತಪೇಟೆ. ಲೋಹದ ಸಾಮಾನಿಗೆ ಒಂದು ಪುಟ್ಟ ಅಯಸ್ಕಾಂತ ಒಯ್ಯಿರಿ: ಅಂಟಿದ ಐಲೆಟ್ (ದಾರ ಪೋಣಿಸುವ ರಂಧ್ರದ ಲೋಹದ ಬಳೆ), ಬಕಲ್ ಕಬ್ಬಿಣದ್ದು, ಬೆವರಿಗೆ ತುಕ್ಕು ಹಿಡಿದು ಬಟ್ಟೆ ಕೆಡಿಸುತ್ತದೆ. ಹಿತ್ತಾಳೆಯದು ಅಂಟದು. ಐಲೆಟ್ ಹಿಂಬದಿಗೆ ವಾಷರ್ ಇರುವ ಜೋಡಿಯೇ ಬೇಕು; ಒಂಟಿಯದು ದಾರ ಬಿಗಿದಾಗ ಕಿತ್ತು ಬರುತ್ತದೆ.

ಪೂರ್ತಿ ಘೇರಿನ ಉದ್ದ ಸ್ಕರ್ಟಿಗೆ ಲೆಕ್ಕ ಹೀಗೆ. ಸೊಂಟ 28 ಇಂಚಾದರೆ ಅದನ್ನು 6.28ರಿಂದ ಭಾಗಿಸಿ, ಸುಮಾರು 4.5 ಇಂಚು, ಸೊಂಟದ ವೃತ್ತದ ತ್ರಿಜ್ಯ. ಅದಕ್ಕೆ 38 ಇಂಚು ಉದ್ದ ಕೂಡಿಸಿದರೆ 42.5. 44 ಇಂಚು ಅಗಲದ ಬಟ್ಟೆಯಲ್ಲಿ ಎರಡು ಅರ್ಧ ವೃತ್ತ ಕತ್ತರಿಸಲು 4.5 ಮೀಟರ್ ಬೇಕು. ಹೊಲಿದ ಮೇಲೆ ಒಂದು ದಿನ ತೂಗುಹಾಕಿ ಆಮೇಲೆ ಅಂಚು ಮಡಚಿಸಿ. ಓರೆಯಾಗಿ ಬರುವ ಕಡೆ ಬಟ್ಟೆ ಜೋಲುತ್ತದೆ, ಮೊದಲೇ ಮಡಚಿದರೆ ಅಂಚು ಏರುಪೇರಾಗುತ್ತದೆ. ವೆಲ್ವೆಟ್ಟಾದರೆ ಎಲ್ಲ ತುಂಡುಗಳೂ ರೋಮ ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಬೇಕು. ರೋಮ ಮೇಲ್ಮುಖವಾಗಿದ್ದರೆ ಕಪ್ಪು ಇನ್ನೂ ಗಾಢ. ಹೀಗೆ ಕತ್ತರಿಸಲು ಬಟ್ಟೆ ಹೆಚ್ಚು ಬೇಕು, ಅರ್ಧ ಮೀಟರ್ ಸೇರಿಸಿ ತನ್ನಿ.

ಟೈಲರ್ ಹತ್ತಿರ ಶೈಲಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಮೈಗೆ ಸರಿಯಾಗಿ ಕೂರುವ ಒಂದು ಉಡುಪು, ಮುಂದೆ, ಹಿಂದೆ, ಪಕ್ಕದಿಂದ ತೆಗೆದ ಮೂರು ಚಿತ್ರ ಕೊಡಿ. ಕೋಟಿಗೆ ಜೆಂಟ್ಸ್ ಟೈಲರ್, ಅದು ಹೆಣ್ಣುಮಕ್ಕಳ ಕೋಟಾದರೂ. ಕ್ಯಾನ್ವಾಸ್, ಭುಜದ ಪ್ಯಾಡ್ ಕೂರಿಸುವ ಕೈ ಅವರದು. ಡಾರ್ಟ್ (ಮೈಗೆ ಕೂರಿಸಲು ಹೊಲಿಯುವ ಚೂಪು ಮಡಿಕೆ), ಘೇರು ಇರುವುದಕ್ಕೆ ಲೇಡೀಸ್ ಟೈಲರ್, ಉಡುವವರು ಗಂಡಸರಾದರೂ. "ಮಾಸ್ಟ್ರೇ, ಒಳಗೆ ಒಂದಿಂಚು ಮಾರ್ಜಿನ್ ಬಿಡಿ, ಲೈನಿಂಗ್ ಹಾಕುವ ಮುಂಚೆ ಒಮ್ಮೆ ಟ್ರಯಲ್ ಕೊಡಿ" ಎಂದು ಮೊದಲೇ ಹೇಳಿಡಿ. ದೀಪಾವಳಿ, ಯುಗಾದಿ, ಮದುವೆ ಸೀಸನ್ ಹತ್ತಿರ ಹೋಗಬೇಡಿ, ಹೊಸ ಕಟಿಂಗ್‌ಗೆ ಆಗ ಯಾರಿಗೂ ತಾಳ್ಮೆ ಇರದು. ಬಟ್ಟೆ ಕೊಂಡು ಹೊಲಿಸಿದರೆ ತೆರಿಗೆಯಲ್ಲೂ ಲಾಭವಿದೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 18, ಹತ್ತಿ ಬಟ್ಟೆಗೆ ಶೇ. 5.

ಬ್ಯಾಂಡ್ ಟೀ ಶರ್ಟುಗಳದು ಬೇರೆ ಮಾತು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಿದ ಊರಿನಲ್ಲಿ ನಕಲಿ ಮಾಲು ಕಂಡಕಂಡಲ್ಲಿ ಸಿಗುತ್ತದೆ. ಬ್ಯಾಂಡಿನವರೇ ಮಾರುವುದನ್ನು ಕೊಳ್ಳಿ, ಸಂಗೀತ ಮಾಡಿದವರಿಗೆ ಹಣ ಸೇರಲಿ. ಮುದ್ರಣದ ಮೇಲೆ ನೇರ ಇಸ್ತ್ರಿ ಇಡಬೇಡಿ.

ಇಷ್ಟೆಲ್ಲ ಹುಡುಕುವವರು ಗಮನಿಸದೆ ಬಿಡುವ ಒಂದು ಬಟ್ಟೆಯಿದೆ, ಕರಿ ಕಂಬಳಿ. ಚಳ್ಳಕೆರೆಯೂ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯೂ ಇದಕ್ಕೆ ಹೆಸರುವಾಸಿ. ದಖನಿ ಕುರಿಯ ಉಣ್ಣೆಯ ಕಪ್ಪು ಹುಟ್ಟಿನಿಂದ ಬಂದದ್ದು, ಬಣ್ಣ ಬಿಡುವ ಮಾತೇ ಇಲ್ಲ. ಇದರ ಓವರ್‌ಕೋಟು ಮೈಮೇಲೆ ನಿಲ್ಲುವ ರೀತಿಯೇ ಬೇರೆ, ಯಾವ ಆಮದು ಬಟ್ಟೆಯೂ ಹಾಗೆ ನಿಲ್ಲದು. ಕೊಳ್ಳುವಾಗ ಅಂಚಿನ ಒಂದು ಎಳೆ ಸುಡಿ: ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ ಬಂದರೆ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ಅಕ್ರಿಲಿಕ್. ನೇಯುವಾಗ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಆದ್ದರಿಂದ ಕತ್ತರಿಸುವ ಮೊದಲು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಹರಡಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಒರಟು ಉಣ್ಣೆ ಚುಚ್ಚುತ್ತದೆ, ಕಾಲರಿನ ಒಳಭಾಗಕ್ಕೂ ಸೇರಿಸಿ ಪೂರ್ತಿ ಹತ್ತಿ ಲೈನಿಂಗ್ ಹಾಕಿಸಿ. ಕತ್ತರಿಸಿದ ಅಂಚು ಎಳೆ ಬಿಡುವುದರಿಂದ ಎಲ್ಲಕ್ಕೂ ಪಟ್ಟಿ ಹೊಲಿಸಬೇಕು, ಭುಜದ ಹೊಲಿಗೆಯಲ್ಲಿ ಹತ್ತಿ ಟೇಪು ಕೂರಿಸಿದರೆ ತೂಕಕ್ಕೆ ಜಗ್ಗದು. ಸೂಜಿ 16 ಅಥವಾ 18 ನಂಬರಿನದು. ನುಸಿ ಬರದಂತೆ ಬೇವಿನೆಲೆ ಇಟ್ಟು, ಮಳೆಗಾಲ ಕಳೆದ ಕೂಡಲೇ ಒಮ್ಮೆ ಬಿಸಿಲಿಗೆ ಹಾಕಿ ಕೊಡವಿ.