ವರದಿಗಾರ್ತಿ ಹಾಡಿದಾಗ: ವಿವಿಯನ್ ಗೋಲ್ಡ್‌ಮನ್ ಅವರ ‘ರೆಸಲ್ಯೂಷನರಿ’

ಮೊದಲೇ ಹೇಳಿಬಿಡುತ್ತೇನೆ, ಈ ಆಲ್ಬಮನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ಇದರ ಅರ್ಧ ಜೀವ ಬೇಸ್ ಗಿಟಾರಿನಲ್ಲಿದೆ, ಫೋನಿನಲ್ಲಿ ಅದು ಸರಿಯಾಗಿ ಕೇಳಿಸುವುದೇ ಇಲ್ಲ. ಒಂದು ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ನಾನು ಸಂಗೀತ ಕಚೇರಿಗಳ ವರದಿ ಬರೆಯುವವಳು. ‘ಬರೆಯೋರಿಗೆ ಹಾಡೋ ಕಷ್ಟ ಏನು ಗೊತ್ತು’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ವಿವಿಯನ್ ಅಂದರೆ ನನಗೆ ಜಾಸ್ತಿ ಅಭಿಮಾನ. ಲಂಡನ್ನಿನ ಸಂಗೀತ ಪತ್ರಕರ್ತೆ. ಐಲೆಂಡ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯಲ್ಲಿ ಜಮೈಕಾದ ಗಾಯಕ ಬಾಬ್ ಮಾರ್ಲಿಯ ಪ್ರಚಾರದ ಕೆಲಸ ನೋಡಿಕೊಂಡರು. ‘ಸೌಂಡ್ಸ್’ ವಾರಪತ್ರಿಕೆಯಲ್ಲಿ ಒರಟು, ಬಂಡಾಯದ ರಾಕ್ ಸಂಗೀತವಾದ ಪಂಕ್ ಬಗ್ಗೆಯೂ ಬರೆದರು, ಜಮೈಕಾದ ಸಂಗೀತವಾದ ರೆಗ್ಗೆ ಬಗ್ಗೆಯೂ ಬರೆದರು. ಆಗ ಹಾಡಿದ್ದು ಕೆಲವೇ ವರ್ಷ. 1979ರಿಂದ 1982ರವರೆಗಿನ ಆ ಹಾಡುಗಳನ್ನು 2016ರಲ್ಲಿ ಸ್ಟೌಬ್‌ಗೋಲ್ಡ್ ಎಂಬ ಸಣ್ಣ ಕಂಪನಿ ಒಟ್ಟುಮಾಡಿ ಹೊರತಂದಿತು.

‘ಲಾಂಡ್ರೆಟ್’ ಒಂದಕ್ಕೇ ದುಡ್ಡು ಕೊಡಬಹುದು. 1981ರ ಹಾಡು. ಜಾನ್ ಲೈಡನ್ ಅವರ ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡ್ ಹಿಡಿದಿಟ್ಟಿದ್ದ ಸ್ಟುಡಿಯೊ ಖಾಲಿಯಿದ್ದಾಗ ಮಾಡಿಕೊಂಡದ್ದು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಬ್ಬನ ಪರಿಚಯವಾಗುತ್ತದೆ, ಸಂಬಂಧ ಬೆಳೆಯುತ್ತದೆ, ಕೆಡುತ್ತದೆ. ಅಷ್ಟೇ ಕಥೆ. ಅಳು ಇಲ್ಲ, ಕೂಗಾಟ ಇಲ್ಲ. ಏನೇನಾಯಿತು ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ, ಒಳ್ಳೆ ವರದಿಯ ಹಾಗೆ. ಆಸ್ವಾದ್ ಎಂಬ ರೆಗ್ಗೆ ಬ್ಯಾಂಡಿನಲ್ಲಿದ್ದ ಜಾರ್ಜ್ ಓಬನ್ ಬೇಸ್ ನುಡಿಸಿದ್ದಾರೆ. ಅದರ ಮೇಲೆ ರೇನ್‌ಕೋಟ್ಸ್ ಬ್ಯಾಂಡಿನ ವಿಕಿ ಆಸ್ಪಿನಾಲ್ ಪಿಟೀಲನ್ನು ಕೊಂಚ ಒರಟಾಗಿ ಎಳೆಯುತ್ತಾರೆ. ನಡುವೆ ಬೇಕಾದಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ರೆಗ್ಗೆಯನ್ನು ವರ್ಷಗಟ್ಟಲೆ ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಹೀಗೆ ಬಿಡುವ ಧೈರ್ಯ ಬರುತ್ತದೆ ಅಂತ ನನಗನಿಸುತ್ತದೆ. ವಿವಿಯನ್ ಅವರ ಗಂಟಲು ಪಳಗಿದ್ದಲ್ಲ. ತೆಳು ದನಿ, ಎತ್ತರದ ಶ್ರುತಿ. ಆದರೆ ತಮ್ಮದೇ ದನಿಯನ್ನು ಒಂದರ ಮೇಲೊಂದು ಸೇರಿಸಿ ಹಾಡಿರುವ ಜಾಗಗಳಲ್ಲಿ ಅದೇ ದನಿ ತುಂಬಾ ಚೆನ್ನಾಗಿ ಹೊಂದುತ್ತದೆ.

‘ಪ್ರೈವೇಟ್ ಆರ್ಮೀಸ್’ ಬೀದಿಯ ಹಿಂಸೆಯ ಹಾಡು. ಅದರ ಡಬ್ ರೂಪವೂ (ಹಾಡುವ ದನಿ ಕಡಿಮೆ ಮಾಡಿ, ಬೇಸ್ ಮತ್ತು ಪ್ರತಿಧ್ವನಿಗೆ ಒತ್ತು ಕೊಟ್ಟ ರೂಪ) ಇದರಲ್ಲಿದೆ, ರಾತ್ರಿ ದೀಪ ಆರಿಸಿ ಕೇಳಿ. ಫ್ಲೈಯಿಂಗ್ ಲಿಜರ್ಡ್ಸ್ ಬ್ಯಾಂಡಿನ ಜೊತೆ ಹಾಡಿದ ‘ದಿ ವಿಂಡೋ’ದಲ್ಲಿ ಹೆಣ್ಣಿನ ಹೆದರಿಕೆ ಮೈಗೆ ತಾಗುತ್ತದೆ. ಪ್ಯಾರಿಸ್ಸಿನಲ್ಲಿ ಗಾಯಕಿ ಈವ್ ಬ್ಲೂವಾಂ ಜೊತೆ ಶಾಂಟಾಜ್ ಎಂಬ ಜೋಡಿಯ ಹೆಸರಿನಲ್ಲಿ ಮಾಡಿದ ಹಾಡುಗಳು ಖುಷಿ ಕೊಡುತ್ತವೆ, ಆದರೆ ಮನಸ್ಸಿನಲ್ಲಿ ಅಷ್ಟು ಉಳಿಯುವುದಿಲ್ಲ.

ಎಲ್ಲ ಸೇರಿ ಚಿಕ್ಕ ಆಲ್ಬಂ. ಇನ್ನೂ ನಾಲ್ಕು ಹಾಡು ಇರಬೇಕಿತ್ತು ಅನಿಸುತ್ತೆ, ಆದರೆ ಅವರು ಆಗ ಮಾಡಿದ್ದೇ ಇಷ್ಟು ಅಲ್ವಾ? ಮತ್ತೆ ಬರವಣಿಗೆಗೆ ಮರಳಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಂಕ್ ಮತ್ತು ರೆಗ್ಗೆ ಪಾಠ ಮಾಡಿದರು. 2021ರಲ್ಲಿ ‘ನೆಕ್ಸ್ಟ್ ಈಸ್ ನೌ’ ಅನ್ನುವ ಹೊಸ ಆಲ್ಬಮನ್ನೇ ತಂದರು. ಇದು ಹಿಡಿಸಿದರೆ ಮುಂದೆ ಅದನ್ನು ಕೇಳಿ.